ಸರ್ ಎಂವಿ ಕೆಲಸ ಬಿಟ್ಟ ಕತೆಯನ್ನೂ ಹೇಳಿ

ಸೆಪ್ಟೆಂಬರ್ 15 ಬಂತೆಂದರೆ ನನ್ನ ಫೋನಿಗೆ ಒಂದೇ ಚಿತ್ರ ಹತ್ತಾರು ಗುಂಪುಗಳಿಂದ ಬರುತ್ತೆ. ಮೈಸೂರು ಪೇಟ, ಕೋಟು, ಟೈ, ದುಂಡು ಕನ್ನಡಕ. ಸರ್ ಎಂ. ವಿಶ್ವೇಶ್ವರಯ್ಯ. ಕೆಳಗೆ ದುಡಿಮೆಯ ಬಗ್ಗೆ ಒಂದು ಉಪದೇಶ. ಕಾಲೇಜಿನ ಗುಂಪು, ಹಳೇ ಆಫೀಸಿನ ಗುಂಪು, ಜೆಪಿ ನಗರದ ನಮ್ಮ ಅಪಾರ್ಟ್‌ಮೆಂಟಿನ ಗುಂಪು, ಎಲ್ಲದರಲ್ಲೂ ಅದೇ. ಈಚೆಗೆ ಈ ಚಿತ್ರಕ್ಕೆ ಒಂದು ಬಾಲ ಸೇರಿಕೊಂಡಿದೆ. ನೂರು ದಾಟಿದ ಮನುಷ್ಯ ಕೊನೇವರೆಗೂ ದುಡಿದರು, ಇವತ್ತಿನ ಹುಡುಗರು ವಾರಕ್ಕೆ 70 ಗಂಟೆ ಅಂದ್ರೆ ಗೊಣಗ್ತಾರೆ ಅನ್ನೋದು ಅದರ ಸಾರಾಂಶ.

ಈ ಬಾಲ ಎಲ್ಲಿಂದ ಬಂತು ಅಂತ ನಿಮಗೂ ಗೊತ್ತು. 2023ರ ಅಕ್ಟೋಬರಿನಲ್ಲಿ ಇನ್ಫೋಸಿಸ್ ಸಂಸ್ಥಾಪಕ ಎನ್.ಆರ್. ನಾರಾಯಣಮೂರ್ತಿ ಅವರು ದೇಶದ ಯುವಜನ ವಾರಕ್ಕೆ 70 ಗಂಟೆ ದುಡಿಯಬೇಕು ಎಂದರು. 2025ರ ಜನವರಿಯಲ್ಲಿ ಎಲ್ ಅಂಡ್ ಟಿ ಅಧ್ಯಕ್ಷ ಎಸ್.ಎನ್. ಸುಬ್ರಹ್ಮಣ್ಯನ್ ಅವರು 90 ಗಂಟೆಯ ಮಾತಾಡಿ, ಭಾನುವಾರ ದುಡಿಸಲು ಆಗದ್ದಕ್ಕೆ ಬೇಸರಪಟ್ಟ ವಿಡಿಯೋ ಹೊರಬಂತು. ಇವೆರಡರ ನಡುವೆ, 2024ರ ಜುಲೈನಲ್ಲಿ, ಐಟಿ ನೌಕರರ ದಿನದ ಕೆಲಸವನ್ನು 14 ಗಂಟೆವರೆಗೆ ಎಳೆಯಲು ಅವಕಾಶ ಕೊಡುವ ಪ್ರಸ್ತಾಪವೊಂದು ಕರ್ನಾಟಕ ಸರ್ಕಾರದ ಮುಂದಿತ್ತು. ಐಟಿ ನೌಕರರ ಸಂಘ ಕೆಐಟಿಯು ಅದನ್ನು ಬಯಲಿಗೆಳೆದು ಪ್ರತಿಭಟಿಸಿತು. ಇಷ್ಟೆಲ್ಲ ನಡೆಯುವಾಗ ಸಾಕ್ಷಿ ಹೇಳೋಕೆ ಒಬ್ಬ ಮಹಾಪುರುಷ ಬೇಕಲ್ಲ? ಸರ್ ಎಂವಿ ಕೈಗೆ ಸಿಕ್ಕರು.

ನಾನು ಸರ್ ಎಂವಿ ವಿರೋಧಿಯಲ್ಲ. ಬನಶಂಕರಿಯಲ್ಲಿ ಬೆಳೆದು ಇಂಜಿನಿಯರಿಂಗ್ ಓದಿದ ಹುಡುಗನಿಗೆ ಅವರನ್ನು ತಪ್ಪಿಸಿಕೊಂಡು ಓಡಾಡೋಕೇ ಆಗಲ್ಲ. ನನ್ನ ಪದವಿ ಪತ್ರ ಕೊಟ್ಟ ವಿಶ್ವವಿದ್ಯಾಲಯದ ಹೆಸರಲ್ಲಿ ಅವರಿದ್ದಾರೆ. ಮೆಟ್ರೋ ನಿಲ್ದಾಣ, ಬೈಯಪ್ಪನಹಳ್ಳಿಯ ರೈಲ್ವೆ ಟರ್ಮಿನಲ್, ಕಸ್ತೂರಬಾ ರಸ್ತೆಯ ಮ್ಯೂಸಿಯಂ, ಎಲ್ಲಕ್ಕೂ ಅವರದೇ ಹೆಸರು. ಸರ್ಕಾರಿ ಕೆಲಸಕ್ಕೊಂದು, ಸ್ವಂತ ಕೆಲಸಕ್ಕೊಂದು ಅಂತ ಎರಡು ಮೇಣದಬತ್ತಿ ಇಟ್ಟುಕೊಂಡಿದ್ದರು ಎಂಬ ಕತೆಯನ್ನು ಶಾಲೆಯಲ್ಲಿ ಕೇಳಿದ್ದೇವೆ. ಆದರೆ ಶಾಲೆಯಲ್ಲೂ ಆಫೀಸಿನಲ್ಲೂ ಯಾರೂ ಒತ್ತಿ ಹೇಳದ ಒಂದು ಸಂಗತಿ ಇದೆ. ಈ ಮನುಷ್ಯ ಎರಡು ಸಲ ದೊಡ್ಡ ಕೆಲಸ ಬಿಟ್ಟು ಎದ್ದು ಬಂದವರು. ಮೊದಲನೇ ಸಲ ಬಿಟ್ಟದ್ದನ್ನು ನಾನು ಮೆಚ್ಚುತ್ತೇನೆ. ಎರಡನೇ ಸಲ ಬಿಟ್ಟದ್ದನ್ನು ಒಪ್ಪೋಕೆ ಆಗ್ತಿಲ್ಲ. ಇವತ್ತಿನ ಚರ್ಚೆಗೆ ಎರಡೂ ಬೇಕು.

ಮೊದಲಿಂದ ಬರೋಣ. ಚಿಕ್ಕಬಳ್ಳಾಪುರದ ಹತ್ತಿರದ ಮುದ್ದೇನಹಳ್ಳಿಯಲ್ಲಿ 1861ರಲ್ಲಿ ಹುಟ್ಟು. ತಂದೆ ಶ್ರೀನಿವಾಸ ಶಾಸ್ತ್ರಿಗಳು ಸಂಸ್ಕೃತ ಬಲ್ಲವರು, ಮಗ ಇನ್ನೂ ಹುಡುಗನಾಗಿದ್ದಾಗಲೇ ತೀರಿಕೊಂಡರು. ಮನೆಯಲ್ಲಿ ಹಣವಿರಲಿಲ್ಲ. ಹುಡುಗ ಬೆಂಗಳೂರಿಗೆ ಬಂದು ಸೆಂಟ್ರಲ್ ಕಾಲೇಜು ಸೇರಿದ, ಕೊಡಗಿನ ಕುಟುಂಬವೊಂದರ ಮಕ್ಕಳಿಗೆ ಪಾಠ ಹೇಳಿಕೊಟ್ಟು ಓದಿನ ಖರ್ಚು ತೂಗಿಸಿದ. 1881ರಲ್ಲಿ ಬಿಎ ಆಯ್ತು. ಆಮೇಲೆ ಮೈಸೂರು ಸರ್ಕಾರದ ವಿದ್ಯಾರ್ಥಿವೇತನ ಸಿಕ್ಕಿತು, ಪುಣೆಯ ಕಾಲೇಜಿನಲ್ಲಿ ಇಂಜಿನಿಯರಿಂಗ್ ಮುಗಿಯಿತು. ಇಲ್ಲಿ ಒಂದು ನಿಮಿಷ ನಿಲ್ಲಿ. ಬಡತನ ನಿಜ, ಶ್ರಮವೂ ನಿಜ. ಆದರೆ ಓದು ಮನೆತನದಲ್ಲೇ ಇತ್ತು, ಬೆಂಗಳೂರಿನಲ್ಲಿ ಸೋದರಮಾವನಿದ್ದರು, ಸರ್ಕಾರದ ದುಡ್ಡೂ ಒದಗಿತು. ಈ ಮಾತು ಮುಂದೆ ಬೇಕಾಗುತ್ತೆ.

1884ರಲ್ಲಿ ಬಾಂಬೆ ಪ್ರಾಂತ್ಯದ ಲೋಕೋಪಯೋಗಿ ಇಲಾಖೆಗೆ ಸಹಾಯಕ ಇಂಜಿನಿಯರ್ ಆಗಿ ಸೇರಿದರು. ಅದು ಅಪ್ಪಟ ಬ್ರಿಟಿಷ್ ಆಫೀಸು. ಕೆಳಗೆ ಕೆಲಸ ಮಾಡುವವರು ನಾವು, ಮೇಲೆ ಸಹಿ ಹಾಕುವವರು ಅವರು. ಹೊಸದರಲ್ಲೇ ಖಾನ್‌ದೇಶದಲ್ಲಿ ಪಾಂಜ್ರಾ ನದಿಯ ಕವಲಿನ ಅಡಿಯಲ್ಲಿ ಕೊಳವೆ ಹಾಯಿಸುವ ಕೆಲಸ ಬಂತು. ಮಳೆಗಾಲ. ಮಳೆ ಕಳೆದ ಮೇಲೆ ಮಾಡಿದರೆ ಒಳ್ಳೇದು ಅಂತ ಹೊಸ ಹುಡುಗ ಬರೆದು ತಿಳಿಸಿದರೆ ಮೇಲಧಿಕಾರಿಗೆ ಹಿಡಿಸಲಿಲ್ಲ. ಸಕಾರಣವಾಗಿ ಬೇಡ ಅಂದದ್ದು ಅವರಿಗೆ ಕೆಲಸಗಳ್ಳತನದ ಹಾಗೆ ಕಂಡಿತು. ಕೊನೆಗೆ ತುಂಬಿದ ನದಿಯ ಜತೆ ಗುದ್ದಾಡಿ ಕೆಲಸ ಮುಗಿಸಿದ್ದಾಯ್ತು. ಡೆಡ್‌ಲೈನ್ ಸಾಧ್ಯವಿಲ್ಲ ಅಂತ ಮೇಲ್ ಹಾಕಿ, ಆಟಿಟ್ಯೂಡ್ ಸರಿಯಿಲ್ಲ ಅನ್ನಿಸಿಕೊಂಡ ಯಾರಿಗಾದರೂ ಈ ಕತೆ ಹೊಸದಾಗಿ ಕಾಣಲ್ಲ.

ಮುಂದಿನ 24 ವರ್ಷ ಅವರು ಮಾಡಿದ ಕೆಲಸದ ಪಟ್ಟಿ ನೋಡಿ. ಸಿಂಧ್ ಪ್ರಾಂತ್ಯದ ಸುಕ್ಕೂರಿನಲ್ಲಿ ಸಿಂಧೂ ನದಿಯ ಕೆಸರು ನೀರನ್ನು ಮರಳಿನ ಮೂಲಕವೇ ಸೋಸಿ ಊರಿಗೆ ಕೊಟ್ಟರು. ಪುಣೆಯ ಸುತ್ತ ಕಾಲುವೆ ನೀರನ್ನು ಸರದಿಯ ಮೇಲೆ ಹೊಲಗಳಿಗೆ ಹಂಚುವ ಬ್ಲಾಕ್ ಪದ್ಧತಿ ತಂದರು. ಖಡಕ್‌ವಾಸ್ಲಾ ಅಣೆಕಟ್ಟೆಗೆ 1903ರಲ್ಲಿ ತಾನಾಗಿ ತೆರೆದು ಮುಚ್ಚುವ ಗೇಟುಗಳನ್ನು ಕೂರಿಸಿದರು, ಅದಕ್ಕೆ ಪೇಟೆಂಟ್ ಕೂಡ ಪಡೆದರು. 1906ರಲ್ಲಿ ಏಡನ್ನಿಗೆ ಹೋಗಿ ಅಲ್ಲಿನ ನೀರು ಮತ್ತು ಒಳಚರಂಡಿಗೆ ಯೋಜನೆ ಕೊಟ್ಟರು. ಹಲವು ಹಿರಿಯರನ್ನು ದಾಟಿ ಬಡ್ತಿಯೂ ಸಿಕ್ಕಿತು.

ಇಷ್ಟಾದರೂ ಮುಖ್ಯ ಇಂಜಿನಿಯರ್ ಕುರ್ಚಿ ಮಾತ್ರ ಬೇರೆಯದೇ ಲೆಕ್ಕ. ಆ ಕಾಲದಲ್ಲಿ ಅದು ಭಾರತೀಯನಿಗೆ ಸಿಗುವ ಕುರ್ಚಿಯಾಗಿರಲಿಲ್ಲ. ಎಷ್ಟು ದುಡಿದರೂ, ಎಷ್ಟು ಪೇಟೆಂಟ್ ಪಡೆದರೂ ಸಿಗಲ್ಲ. ಇದು ಅರ್ಥವಾದ ದಿನ ಅವರು ಇನ್ನೊಂದಷ್ಟು ಗಂಟೆ ಹೆಚ್ಚು ದುಡಿದು ತೋರಿಸ್ತೀನಿ ಅಂತ ಹೊರಡಲಿಲ್ಲ. 1908ರಲ್ಲಿ, ಐವತ್ತು ತುಂಬುವ ಮೊದಲೇ, ತಾವಾಗಿ ನಿವೃತ್ತಿ ತಗೊಂಡು ವಿದೇಶ ಪ್ರವಾಸಕ್ಕೆ ಹೋದರು. ನನ್ನ ಗುಂಪುಗಳಲ್ಲಿ ಓಡಾಡುವ ಚಿತ್ರದ ಕೆಳಗೆ ಈ ಸಾಲು ಯಾವತ್ತೂ ಇರಲ್ಲ.

ಇದನ್ನು ಓದುವಾಗ ನನಗೆ ನನ್ನ ಮೊದಲ ಕೆಲಸ ನೆನಪಾಗುತ್ತೆ. ಕಂಪನಿ ಇಲ್ಲಿಯದು, ಕ್ಲೈಂಟ್ ಬ್ರಿಟನ್ನಿನವರು. ಬಿಟಿಎಂ ಲೇಔಟಿನ ಪಿಜಿಯಿಂದ ಬೆಳಗ್ಗೆ ಹತ್ತಕ್ಕೆ ಆಫೀಸಿಗೆ ಹೋಗುತ್ತಿದ್ದೆ. ಅವರ ದಿನ ಶುರುವಾಗುವಾಗ ನಮ್ಮದು ಅರ್ಧ ಮುಗಿದಿರುತ್ತಿತ್ತು. ಅವರು ಸಂಜೆ ಐದಕ್ಕೆ ಲಾಗೌಟ್ ಆಗುವಾಗ ನಮ್ಮಲ್ಲಿ ರಾತ್ರಿ ಒಂಬತ್ತೂವರೆ, ಚಳಿಗಾಲದಲ್ಲಾದರೆ ಹತ್ತೂವರೆ. ಕಾಲ್ ಮುಗಿಸಿ ಆ ಕಡೆಯ ಹೆಂಗಸು ಮಗುವನ್ನು ಕರೆತರಬೇಕು ಅಂತ ಹೇಳಿ ಹೊರಡುವರು, ಯಾರೂ ಅದನ್ನು ತಪ್ಪು ತಿಳಿಯುತ್ತಿರಲಿಲ್ಲ. ಈ ಕಡೆ ನಮ್ಮ ಮ್ಯಾನೇಜರ್ ಆಮೇಲೆ ಇನ್ನೊಂದು ಮೀಟಿಂಗ್ ಕರೆಯುವರು. ಎಂಟಕ್ಕೆ ಎದ್ದವನಿಗೆ ಬದ್ಧತೆ ಕಡಿಮೆ ಎಂಬ ಮಾತು ಅಪ್ರೈಸಲ್ಲಿನಲ್ಲಿ ಬರುತ್ತಿತ್ತು. ಬ್ರಿಟನ್ ಸ್ವರ್ಗ ಅಂತ ನಾನು ಹೇಳ್ತಿಲ್ಲ. ಅಲ್ಲಿ 1998ರ ನಿಯಮದ ಪ್ರಕಾರ ವಾರಕ್ಕೆ ಸರಾಸರಿ 48 ಗಂಟೆ ಮಿತಿ ಇದೆ, ನೌಕರನೇ ಸಹಿ ಮಾಡಿ ಆ ಮಿತಿಯಿಂದ ಹೊರಬರುವ ದಾರಿಯನ್ನೂ ಅದೇ ನಿಯಮ ಇಟ್ಟಿದೆ. ಆದರೂ ಮಿತಿ ಎಂಬುದೊಂದಿದೆ, ಅದು ಎಲ್ಲರಿಗೂ ಗೊತ್ತಿದೆ. ನಮ್ಮನ್ನು ರಾತ್ರಿ ಕೂರಿಸುತ್ತಿದ್ದುದು ಆ ಬಿಳಿ ದೊರೆಗಳಲ್ಲ, ನಮ್ಮವರೇ.

ಮತ್ತೆ ಸರ್ ಎಂವಿ ಕಡೆಗೆ. 1908ರಲ್ಲಿ ಹೈದರಾಬಾದಿನ ಮೂಸಿ ನದಿ ಉಕ್ಕಿ ಊರು ನೆಲಸಮವಾಗಿತ್ತು. ನಿಜಾಮರ ಸರ್ಕಾರ ಇವರನ್ನು ಕರೆಸಿತು. ಇನ್ನೊಮ್ಮೆ ಪ್ರವಾಹ ಬರದಂತೆ ನಗರದ ಮೇಲ್ಭಾಗದಲ್ಲಿ ಜಲಾಶಯ ಕಟ್ಟಿ ಎಂದು ಸಲಹೆ ಕೊಟ್ಟರು. ಉಸ್ಮಾನ್ ಸಾಗರ, ಹಿಮಾಯತ್ ಸಾಗರ ಬಂದದ್ದು ಹೀಗೆ. ಅಷ್ಟರಲ್ಲಿ ಮೈಸೂರಿನಿಂದ ಕರೆ ಬಂತು. ಬಾಂಬೆಯಲ್ಲಿ ಸಿಗದ ಮುಖ್ಯ ಇಂಜಿನಿಯರ್ ಹುದ್ದೆ. ಅವರು ಕೂಡಲೇ ಹೂಂ ಅನ್ನಲಿಲ್ಲ. ಬರೀ ರಸ್ತೆ ಕಟ್ಟಡ ಅಲ್ಲ, ಶಿಕ್ಷಣಕ್ಕೆ, ಕೈಗಾರಿಕೆಗೆ ಕೆಲಸ ಮಾಡುವ ಅವಕಾಶ ಉಂಟೇ ಅಂತ ಕೇಳಿ, ಭರವಸೆ ಸಿಕ್ಕ ಮೇಲೆ 1909ರ ನವೆಂಬರಿನಲ್ಲಿ ಸೇರಿದರು. ಷರತ್ತು ಇಟ್ಟು ಕೆಲಸಕ್ಕೆ ಸೇರಿದ ಮನುಷ್ಯ! ಇವತ್ತು ಇಂಟರ್‌ವ್ಯೂನಲ್ಲಿ ಕೆಲಸದ ಸಮಯ ಎಷ್ಟು ಅಂತ ಕೇಳಿದ ಹುಡುಗಿಗೆ ಆಫರ್ ಲೆಟರ್ ಬರುವುದೇ ಅನುಮಾನ.

1911ರಲ್ಲಿ ಕನ್ನಂಬಾಡಿ ಕಟ್ಟೆಯ ಕೆಲಸ ಶುರುವಾಯ್ತು. ಮಂಡ್ಯದ ಹೊಲಗಳಿಗೆ ನೀರು ಎಂಬುದು ನಮಗೆಲ್ಲ ಗೊತ್ತಿರುವ ಭಾಗ. ಇನ್ನೊಂದು ಭಾಗವೂ ಇದೆ. ಶಿವನಸಮುದ್ರದಲ್ಲಿ ತಯಾರಾಗಿ 1902ರಿಂದ ಕೋಲಾರದ ಚಿನ್ನದ ಗಣಿಗಳಿಗೆ ಹೋಗುತ್ತಿದ್ದ ವಿದ್ಯುತ್ತಿಗೆ ಬೇಸಿಗೆಯಲ್ಲೂ ನೀರು ಬೇಕಿತ್ತು. ಆ ಗಣಿಗಳನ್ನು ನಡೆಸುತ್ತಿದ್ದುದು ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್. ಕೊಟ್ಟ ಮಾತಿಗೆ ಸರಿಯಾಗಿ ಕಟ್ಟೆ ಏಳಬೇಕಿತ್ತು. ಸಾವಿರಾರು ಕೂಲಿಗಳು, ಮಲೇರಿಯಾ ಕಾಡುವ ಜಾಗ, ರಾತ್ರಿಯೂ ದೀಪ ಹಚ್ಚಿ ಕೆಲಸ. ಸಿಮೆಂಟಿನ ಬದಲು ಸುರ್ಕಿ ಗಾರೆ ಅರೆದರು, ಕಲ್ಲು ಹೊತ್ತರು. ಕನ್ನಂಬಾಡಿ ಊರೂ ಸೇರಿ ಹಲವು ಹಳ್ಳಿಗಳು ನೀರಿನಡಿ ಹೋದವು. ಕಟ್ಟೆಯ ಕತೆ ಹೇಳುವಾಗ ಮುಖ್ಯ ಇಂಜಿನಿಯರ್ ಎಷ್ಟು ಗಂಟೆ ದುಡಿದರು ಎಂಬ ಲೆಕ್ಕ ಬರುತ್ತೆ, ಗಾರೆ ಅರೆದವರ ಗಂಟೆಗಳ ಲೆಕ್ಕ ಬರಲ್ಲ. ಆಗ ಬ್ರಿಟಿಷ್ ಭಾರತದ 1911ರ ಕಾರ್ಖಾನೆ ಕಾಯ್ದೆಯೇ ಬಟ್ಟೆ ಗಿರಣಿಯ ಗಂಡಸರಿಗೆ ದಿನಕ್ಕೆ 12 ಗಂಟೆ ಮಿತಿ ಹಾಕಿತ್ತು. ಅದೇ ದೊಡ್ಡ ಸುಧಾರಣೆ.

1912ರಲ್ಲಿ ಅವರು ದಿವಾನರಾದರು. ಆರು ವರ್ಷದಲ್ಲಿ ಆದದ್ದನ್ನು ನೋಡಿದರೆ ನಿಜಕ್ಕೂ ತಲೆ ತಿರುಗುತ್ತೆ. 1913ರಲ್ಲಿ ಮೈಸೂರು ಬ್ಯಾಂಕ್, ಅದೇ ವರ್ಷ ಕಡ್ಡಾಯ ಪ್ರಾಥಮಿಕ ಶಿಕ್ಷಣದ ಕಾನೂನು. 1915ರಲ್ಲಿ ಕನ್ನಡ ಸಾಹಿತ್ಯ ಪರಿಷತ್ತು, 1916ರಲ್ಲಿ ಮೈಸೂರು ವಿಶ್ವವಿದ್ಯಾಲಯ, 1917ರಲ್ಲಿ ಬೆಂಗಳೂರಿನ ಇಂಜಿನಿಯರಿಂಗ್ ಕಾಲೇಜು. ಗಂಧದೆಣ್ಣೆ, ಸೋಪು, ಭದ್ರಾವತಿಯ ಕಬ್ಬಿಣ. ಇಷ್ಟು ಮಾಡಿದವರ ದಿನಚರಿ ಹೇಗಿತ್ತು? ಮಿತ ಊಟ, ತಪ್ಪದ ನಡಿಗೆ, ಗಡಿಯಾರ ನೋಡಿ ಹೊಂದಿಸಿಕೊಳ್ಳಬಹುದಾದಷ್ಟು ನಿಖರ ಸಮಯ. ಮೊದಲೇ ಯೋಚಿಸಿ, ಬರೆದಿಟ್ಟುಕೊಂಡು, ಹೇಳಿದ ಹೊತ್ತಿಗೆ ಮುಗಿಸುವ ಪದ್ಧತಿ. ಸಂಜೆ ಆರಕ್ಕೆ ಇದ್ದಕ್ಕಿದ್ದಂತೆ ಮೀಟಿಂಗ್ ಕರೆಯುವವರಿಗೂ ಈ ಶಿಸ್ತಿಗೂ ಏನು ಸಂಬಂಧ ಹೇಳಿ? ಹೊತ್ತಿಗೆ ಬರುವ ಗುಣವನ್ನು ಅವರಿಂದ ಕಲಿಯಿರಿ ಅನ್ನುವ ಮ್ಯಾನೇಜರುಗಳು ಹೊತ್ತಿಗೆ ಬಿಡುವ ಗುಣವನ್ನೂ ಕಲಿಯಬೇಕಲ್ಲ.

ಇನ್ನೊಂದನ್ನೂ ಹೇಳಬೇಕು. ಹೆಂಡತಿ ಮಕ್ಕಳ ಸಂಸಾರ ಅವರ ಪಾಲಿಗೆ ಉಳಿದಿರಲಿಲ್ಲ. ಅಡುಗೆಗೆ, ಮನೆಗೆಲಸಕ್ಕೆ ಆಳುಗಳಿದ್ದರು. ಆ ಬದುಕನ್ನು ಅಳತೆಗೋಲು ಮಾಡಿಕೊಂಡು ಜಯನಗರದ ಬಾಡಿಗೆ ಮನೆಯಲ್ಲಿ ಅತ್ತೆಗೆ ಮಾತ್ರೆ, ಮಗುವಿಗೆ ಡಬ್ಬಿ, ಸಿಂಕಿನ ಪಾತ್ರೆ ಎಲ್ಲ ಮುಗಿಸಿ ಲಾಗಿನ್ ಆಗುವ ಹೆಣ್ಣುಮಗಳನ್ನು ಅಳೆದರೆ ಅದು ನ್ಯಾಯವಾ? ಆಕೆಯ 70 ಗಂಟೆ ಆಫೀಸು ತಲುಪುವ ಮೊದಲೇ ಶುರುವಾಗಿರುತ್ತೆ. ಅದಕ್ಕೆ ಸಂಬಳವಿಲ್ಲ, ಅಪ್ರೈಸಲ್ಲೂ ಇಲ್ಲ.

ಈಗ ಎರಡನೇ ರಾಜೀನಾಮೆ. ಆಗಿನ ಮೈಸೂರಿನಲ್ಲಿ ನೂರಕ್ಕೆ ನಾಲ್ಕಕ್ಕಿಂತ ಕಡಿಮೆ ಇದ್ದ ಬ್ರಾಹ್ಮಣರ ಕೈಯಲ್ಲಿ ಗೆಜೆಟೆಡ್ ಹುದ್ದೆಗಳ ಬಹುಪಾಲು ಇತ್ತು. 1917ರಲ್ಲಿ ಹುಟ್ಟಿದ ಪ್ರಜಾಮಿತ್ರ ಮಂಡಳಿ ಇದನ್ನು ಪ್ರಶ್ನಿಸಿ ಮಹಾರಾಜರ ಬಳಿ ಹೋಯಿತು. ನಾಲ್ವಡಿ ಕೃಷ್ಣರಾಜ ಒಡೆಯರ್ 1918ರಲ್ಲಿ ಸರ್ ಲೆಸ್ಲಿ ಮಿಲ್ಲರ್ ಅಧ್ಯಕ್ಷತೆಯಲ್ಲಿ ಸಮಿತಿ ಮಾಡಿದರು. ದಿವಾನರಿಗೆ ಇದು ಒಪ್ಪಿಗೆಯಾಗಲಿಲ್ಲ. ಶಾಲೆ ಹೆಚ್ಚಿಸೋಣ, ಓದಿಸೋಣ, ಹುದ್ದೆ ಮಾತ್ರ ಅರ್ಹತೆಗೇ ಸಿಗಲಿ, ಇಲ್ಲವಾದರೆ ಆಡಳಿತದ ದಕ್ಷತೆ ಕೆಡುತ್ತೆ ಎಂಬುದು ಅವರ ನಿಲುವು. 1918ರ ಕೊನೆಗೆ ಅವರು ದಿವಾನಗಿರಿಯಿಂದ ಹೊರನಡೆದರು. ಮಿಲ್ಲರ್ ಸಮಿತಿ ಏಳು ವರ್ಷದೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧ, ಕೆಳಗಿನ ಹುದ್ದೆಗಳಲ್ಲಿ ಮೂರನೇ ಎರಡು ಭಾಗ ಬ್ರಾಹ್ಮಣೇತರರಿಗೆ ಸಿಗಬೇಕು ಎಂದು ಶಿಫಾರಸು ಮಾಡಿತು.

ನನಗೆ ಅರ್ಥವಾಗದೆ ಉಳಿದದ್ದು ಇದು. ಹತ್ತು ವರ್ಷದ ಹಿಂದೆ ಬಾಂಬೆಯಲ್ಲಿ ತಮ್ಮ ತಲೆಗೆ ಬಡಿದ ಸೂರು ಅವರಿಗೆ ಸ್ಪಷ್ಟವಾಗಿ ಕಂಡಿತ್ತು. ಶ್ರಮ, ಪ್ರತಿಭೆ ಎಲ್ಲ ಇದ್ದರೂ ಹುಟ್ಟಿನ ಕಾರಣಕ್ಕೆ ಒಂದು ಕುರ್ಚಿ ಸಿಗಲ್ಲ ಎಂಬುದು ಅವರೇ ಅನುಭವಿಸಿದ ಸತ್ಯ. ಅದೇ ಸೂರು ಮೈಸೂರಿನ ಒಕ್ಕಲಿಗ, ಲಿಂಗಾಯತ, ಕುರುಬ, ಮುಸ್ಲಿಂ, ದಲಿತ ಹುಡುಗರ ತಲೆಗೆ ಬಡಿಯುವಾಗ ಕಾಣಲಿಲ್ಲ. ಬ್ರಿಟಿಷ್ ಅಧಿಕಾರಿ ಭಾರತೀಯರ ಬಗ್ಗೆ ಬಳಸುತ್ತಿದ್ದ ದಕ್ಷತೆಯ ವಾದವನ್ನೇ ಅವರೂ ಎತ್ತಿಕೊಂಡರು. ಇದು ಅವರೊಬ್ಬರ ದೋಷ ಅಂತ ಬಿಟ್ಟುಬಿಡೋಕೂ ಆಗಲ್ಲ. ಮುದ್ದೇನಹಳ್ಳಿಯಿಂದ ಹೊರಟವರಿಗೆ ತಮ್ಮ ಶ್ರಮ ನೆನಪಿರುತ್ತೆ, ಮನೆತನದ ಓದು, ಮಾವನ ಮನೆ, ವಿದ್ಯಾರ್ಥಿವೇತನ ನೆನಪಿರಲ್ಲ. ನಮ್ಮ ಇವತ್ತಿನ ಸಂಸ್ಥಾಪಕರಿಗೂ ಇದೇ ಮರೆವು. ತಾವು ಆ ವಯಸ್ಸಿನಲ್ಲಿ ಇಷ್ಟು ಗಂಟೆ ದುಡಿದೆವು ಅಂತಾರೆ. ನಿಜವೇ. ಆದರೆ ಕಂಪನಿಯ ಷೇರು ಅವರದಾಗಿತ್ತು. ತನ್ನ ಹೊಲ ಉಳುವವನಿಗೂ ಕೂಲಿಗೆ ಉಳುವವನಿಗೂ ಒಂದೇ ಬಿಸಿಲು, ಆದರೆ ಸುಗ್ಗಿ ಒಂದೇ ಅಲ್ಲವಲ್ಲ.

ದಿವಾನಗಿರಿ ಬಿಟ್ಟ ಮೇಲೂ ಅವರು ಸುಮ್ಮನೆ ಕೂರಲಿಲ್ಲ. 1923ರಿಂದ 1929ರವರೆಗೆ ಭದ್ರಾವತಿ ಕಾರ್ಖಾನೆಯ ಹೊಣೆ ಹೊತ್ತು, ವಿದೇಶಿ ತಜ್ಞರ ಜಾಗದಲ್ಲಿ ಇಲ್ಲಿಯವರನ್ನೇ ತಯಾರು ಮಾಡಿ, ನಷ್ಟದಲ್ಲಿದ್ದುದನ್ನು ನಿಲ್ಲಿಸಿದರು. 1934ರಲ್ಲಿ ಯೋಜಿತ ಅರ್ಥವ್ಯವಸ್ಥೆಯ ಬಗ್ಗೆ ಪುಸ್ತಕ ಬರೆದರು. ತೊಂಬತ್ತು ದಾಟಿದ ಮೇಲೆ ಗಂಗಾ ನದಿಯ ಸೇತುವೆಗೆ ಜಾಗ ನೋಡಿ ಹೇಳಲು ಬಿಹಾರಕ್ಕೆ ಹೋದರು. 1955ರಲ್ಲಿ ಭಾರತರತ್ನ ಬಂತು. 1962ರ ಏಪ್ರಿಲಿನಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡರು. ಈ ಕೊನೆಯ ನಲವತ್ತು ವರ್ಷದ ದುಡಿಮೆಯನ್ನು ತೋರಿಸಿಯೇ ನಮ್ಮನ್ನು ನಾಚಿಸುವುದು. ಆದರೆ ಅದರಲ್ಲಿ ಬಹುಪಾಲು ಅವರೇ ಆರಿಸಿಕೊಂಡ ಕೆಲಸ, ಅವರದೇ ವೇಗದಲ್ಲಿ. ಕೈಯಲ್ಲಿ ಪಿಂಚಣಿ, ಬೇಡ ಅನ್ನುವ ಸ್ವಾತಂತ್ರ್ಯ ಎರಡೂ ಇದ್ದವು. ಅಷ್ಟು ಕೊಟ್ಟು ನೋಡಿ, ಎಷ್ಟು ಜನ ಖುಷಿಯಿಂದ ದುಡಿಯುತ್ತಾರೆ ಅಂತ.

ಅಷ್ಟು ಸಿಗದವರಿಗೆ ಕಾನೂನೇ ಗತಿ. ದಿವಾನರು ಹೊರನಡೆದ ಮರುವರ್ಷ, 1919ರಲ್ಲಿ, ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆಯ ಮೊತ್ತಮೊದಲ ಒಪ್ಪಂದ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಎಂದಿತು. ನಮ್ಮಲ್ಲಿ ವಾರದ ಮಿತಿ 1922ರಲ್ಲಿ 60, 1934ರಲ್ಲಿ 54, ವೈಸರಾಯ್ ಮಂಡಳಿಯಲ್ಲಿ ಕಾರ್ಮಿಕ ಸದಸ್ಯರಾಗಿದ್ದ ಡಾ. ಅಂಬೇಡ್ಕರ್ ಮಂಡಿಸಿದ ತಿದ್ದುಪಡಿಯಿಂದ 1946ರಲ್ಲಿ 48 ಆಯ್ತು. 1948ರ ಕಾಯ್ದೆ ಅದನ್ನೇ ಉಳಿಸಿಕೊಂಡಿತು. ಒಂದೊಂದು ಗಂಟೆಯನ್ನೂ ಗಿರಣಿ ಕಾರ್ಮಿಕರು ಮುಷ್ಕರ ಹೂಡಿ ಇಳಿಸಿದ್ದು. 2023ರಲ್ಲಿ ಕರ್ನಾಟಕ ಕಾರ್ಖಾನೆಗಳಲ್ಲಿ ದಿನಕ್ಕೆ 12 ಗಂಟೆವರೆಗೆ ಅವಕಾಶ ಕೊಡುವ ತಿದ್ದುಪಡಿ ತಂದಾಗ ವಾರದ 48ನ್ನು ಮುಟ್ಟಲಿಲ್ಲ ಅಂತ ಸಮಾಧಾನ ಹೇಳಿತು. ದಿನದ ಮಿತಿ 1911ಕ್ಕೆ ವಾಪಸ್ ಹೋಯ್ತಲ್ಲ ಅಂತ ಕೇಳಿದವರು ಕಡಿಮೆ.

ಮೊನ್ನೆ ರಾತ್ರಿ ಹಳದಿ ಮಾರ್ಗದ ಮೆಟ್ರೋದಲ್ಲಿ ಬೊಮ್ಮಸಂದ್ರದ ಕಡೆಯಿಂದ ಬರುತ್ತಿದ್ದೆ. ಒಂಬತ್ತೂಮುಕ್ಕಾಲು. ಎದುರಿಗೆ ಕೂತ ಹುಡುಗನ ತೊಡೆಯ ಮೇಲೆ ಲ್ಯಾಪ್‌ಟಾಪ್ ತೆರೆದಿತ್ತು, ಸಿಲ್ಕ್ ಬೋರ್ಡ್ ಬಂತು, ಬಿಟಿಎಂ ಬಂತು, ಆತ ತಲೆ ಎತ್ತಲಿಲ್ಲ. ಆರ್‌ವಿ ರಸ್ತೆಯಲ್ಲಿ ಎಲ್ಲರೂ ಇಳಿದಾಗ ಅದನ್ನು ಮುಚ್ಚದೆ, ಹಾಗೇ ಎದೆಗೊತ್ತಿಕೊಂಡು ಹಸಿರು ಮಾರ್ಗದ ಕಡೆ ಓಡಿದ. ಅವನ ವಯಸ್ಸಿನಲ್ಲಿ ನಾನೂ ಹಾಗೇ ಓಡಿದವನು.

ಈ ವರ್ಷ ಆ ಚಿತ್ರ ಬಂದಾಗ ನಾನು ಸುಮ್ಮನಿರಲಿಲ್ಲ. 1908ರಲ್ಲಿ ಅವರು ಯಾಕೆ ಕೆಲಸ ಬಿಟ್ಟರು, 1918ರಲ್ಲಿ ಯಾಕೆ ಬಿಟ್ಟರು ಅಂತ ನಾಲ್ಕು ಸಾಲು ಬರೆದು ಹಳೇ ಆಫೀಸಿನ ಗುಂಪಿಗೆ ಹಾಕಿದೆ. ಹಿರಿಯರೊಬ್ಬರು ಮಹನೀಯರ ಜಯಂತಿಯ ದಿನ ರಾಜಕೀಯ ಬೇಡ ಅಂದರು. ಇನ್ನೊಬ್ಬರು ಕೈ ಮುಗಿಯುವ ಚಿಹ್ನೆ ಹಾಕಿ ಮಾತು ಮುಗಿಸಿದರು. ಸ್ವಲ್ಪ ಹೊತ್ತಾದ ಮೇಲೆ, ಈಗಲೂ ಅಲ್ಲೇ ಇರುವ ಕಿರಿಯ ಸಹೋದ್ಯೋಗಿಯೊಬ್ಬಳಿಂದ ಬೇರೆಯಾಗಿ ಒಂದು ಮೆಸೇಜ್ ಬಂತು. ಕೆಐಟಿಯು ಸದಸ್ಯತ್ವಕ್ಕೆ ಯಾರನ್ನು ಕೇಳಬೇಕು ಅಂತ.

ನಂಬರ್ ಕಳಿಸಿದೆ.